ಬಿಸಿಯೂಟದ ತಟ್ಟೆಗೆ ಬಣ್ಣ ಬರುವುದು ಎಲ್ಲಿಂದ

ಸಾಂಬಾರಿನಲ್ಲಿ ಬಣ್ಣಗೆಟ್ಟ ಬೀನ್ಸ್ ಕಂಡರೆ ಒಂದನೇ ತರಗತಿಯ ಮಗು ಅದನ್ನು ಬೆರಳಲ್ಲಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತದೆ. ರುಚಿ ನೋಡುವ ತನಕ ಹೋಗುವುದೇ ಇಲ್ಲ. ಅಲಂಕಾರಕ್ಕೆ ಬಿಸಿಯೂಟದಲ್ಲಿ ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಅದು ಬೇಕಾಗಿಯೂ ಇಲ್ಲ. ಯಾವ ಪದಾರ್ಥ ಯಾವಾಗ ಪಾತ್ರೆಗೆ ಬೀಳುತ್ತದೆ ಅನ್ನುವುದರಲ್ಲೇ ಮುಕ್ಕಾಲು ಕೆಲಸ ಇದೆ.

ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಅಂದರೆ ನೂರು ಮಕ್ಕಳಿಗೆ 10 ಕೆ.ಜಿ. ಅಕ್ಕಿ, 2 ಕೆ.ಜಿ. ಬೇಳೆ, 5 ಕೆ.ಜಿ. ತರಕಾರಿ, ಅರ್ಧ ಕೆ.ಜಿ. ಎಣ್ಣೆ. ಇಲ್ಲಿ ಹೇಳುವುದೆಲ್ಲ ಇದೇ ಲೆಕ್ಕದೊಳಗೆ ಆಗುವಂಥದ್ದು.

ಮೊದಲು ಬೇಳೆ. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆ ಬೋರ್‌ವೆಲ್ ನೀರು ಗಡಸು. ಆ ನೀರಲ್ಲಿ ಬೇಳೆ ಬೇಗ ಕರಗುವುದಿಲ್ಲ. ತಟ್ಟೆಯಲ್ಲಿ ನೀರು ಒಂದು ಕಡೆ, ಬೇಳೆಕಾಳು ಒಂದು ಕಡೆ ನಿಲ್ಲುತ್ತದೆ. ಬೇಳೆ ನೆನೆಸಿ ಬೇಯಿಸುವಷ್ಟಕ್ಕಾದರೂ ಶುದ್ಧ ನೀರಿನ ಘಟಕದ ನೀರು ತನ್ನಿ, ಅರ್ಧ ಗಂಟೆ ನೆನೆಸಿಡಿ. ಅಡುಗೆ ಸೋಡಾ ಮಾತ್ರ ಹಾಕಬೇಡಿ. ಅರಿಶಿನ ಕೆಂಪಗಾಗಿ ಬೇಳೆ ಮಾಸಲು ಕಾಣುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ. ಬೇಳೆ ಪೂರ್ತಿ ಬೆಂದ ಮೇಲೆಯೇ ಟೊಮೆಟೊ, ಹುಣಸೆಹುಳಿ. ಹುಳಿ ಮೊದಲೇ ಬಿದ್ದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ.

ಹಸಿರು ತರಕಾರಿಗೂ ಹುಳಿಯೇ ಶತ್ರು. ಹುಳಿಯಲ್ಲಿ ಕುದಿದರೆ ಎಲೆಹಸಿರು ಕೆಟ್ಟು ಕಂದುಹಸಿರಾಗುತ್ತದೆ. ಹನ್ನೊಂದು ಗಂಟೆಗೆ ಸಾಂಬಾರು ಇಳಿಸಿ ಮುಚ್ಚಿಟ್ಟರೆ, ಬಡಿಸುವ ಹೊತ್ತಿಗೆ ಅದು ಒಳಗೊಳಗೇ ಇನ್ನಷ್ಟು ಬೆಂದಿರುತ್ತದೆ. ಹಾಗಾಗಿ 5 ಕೆ.ಜಿ. ತರಕಾರಿಯಲ್ಲಿ ಒಂದು ಕೆ.ಜಿ. ಬೀನ್ಸ್, ಕ್ಯಾರೆಟ್ಟನ್ನು ಬೇರೆ ಇಡಿ. ಸಣ್ಣಗೆ, ಒಂದೇ ಅಳತೆಗೆ ಹೆಚ್ಚಿ, ಕುದಿಯುವ ನೀರಿನಲ್ಲಿ ಮುಚ್ಚಳ ತೆಗೆದು ಐದಾರು ನಿಮಿಷ ಬೇಯಿಸಿ, ಬಸಿದು, ಬಡಿಸುವ ಮುಂಚೆ ಬಿಸಿ ಸಾಂಬಾರಿಗೆ ಸೇರಿಸಿ. ಬಸಿದ ನೀರು ಸಾಂಬಾರಿಗೇ ಹೋಗಲಿ. ಸಿಹಿಗುಂಬಳ ಸಿಕ್ಕ ದಿನ ಒಂದು ಕೆ.ಜಿ.ಯನ್ನು ಬೇಳೆಯ ಜೊತೆಯಲ್ಲೇ ಬೇಯಿಸಿ ಮಸೆದುಬಿಡಿ: ಸಾಂಬಾರು ಮಂದವಾಗುತ್ತದೆ, ಹೊಂಬಣ್ಣವೂ ಬರುತ್ತದೆ. ಒಟ್ಟು ಸಾಂಬಾರು ಹದಿನೆಂಟು, ಇಪ್ಪತ್ತು ಲೀಟರ್ ದಾಟಬಾರದು. ದಾಟಿದರೆ ಅದು ತಿಳಿಸಾರು.

ಒಗ್ಗರಣೆ ಕೊನೆಗೆ. ಎಣ್ಣೆಯಲ್ಲಿ 150 ಗ್ರಾಂ ಇದಕ್ಕೆಂದೇ ಉಳಿಸಿಕೊಳ್ಳಿ. ಸಾಸಿವೆ ಸಿಡಿದು ಕರಿಬೇವು ಚಟಪಟ ಅಂದ ಮೇಲೆ ಬಾಣಲೆ ಕೆಳಗಿಳಿಸಿ, ಆಮೇಲೆ ಎರಡು ಚಮಚ ಬ್ಯಾಡಗಿ ಖಾರದಪುಡಿ ಹಾಕಿ. ಹತ್ತು ಸೆಕೆಂಡಿನಲ್ಲಿ ಎಣ್ಣೆ ಕೆಂಪೇರುತ್ತದೆ. ಆಗಲೇ ಸಾಂಬಾರಿಗೆ ಸುರಿಯಬೇಕು. ಒಲೆಯ ಮೇಲೇ ಹಾಕಿದರೆ ಪುಡಿ ಸೀದು ಕರಿ ಚುಕ್ಕೆಗಳಾಗಿ ತೇಲುತ್ತದೆ, ಕಹಿಯೂ ಬರುತ್ತದೆ. ಬ್ಯಾಡಗಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಚಿಕ್ಕ ಮಕ್ಕಳ ಬಾಯಿಗೆ ಅದೇ ಸರಿ.

ಅನ್ನದ ವಿಷಯದಲ್ಲಿ ದೊಡ್ಡ ತಕರಾರು ಸಾರವರ್ಧಿತ ಅಕ್ಕಿಯದು. ನೂರು ಕಾಳಿಗೆ ಒಂದರಂತೆ ಬೆರೆಸಿರುವ ಆ ಕಾಳು ಅಕ್ಕಿಹಿಟ್ಟಿಗೆ ಕಬ್ಬಿಣದಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ್ದು. ಬಣ್ಣ ಸ್ವಲ್ಪ ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿ ಅಂದುಕೊಂಡು ಎಷ್ಟೋ ಕಡೆ ಆರಿಸಿ ಚೆಲ್ಲುತ್ತಾರೆ, ಮಕ್ಕಳೂ ತಟ್ಟೆಯಿಂದ ತೆಗೆದಿಡುತ್ತಾರೆ. ಇದು ನಿಜಕ್ಕೂ ಬೇಸರದ ಸಂಗತಿ. ಮಕ್ಕಳಿಗೆ ಬೇಕಾದದ್ದೇ ಆ ಕಾಳು. ಒಂದೆರಡು ಸಲ ಮೆಲ್ಲಗೆ ತೊಳೆಯಿರಿ, ತೇಲಿದ್ದನ್ನು ನೀರಿನ ಜೊತೆ ಹರಿಯಬಿಡಬೇಡಿ, ಗಂಜಿ ಬಸಿಯದೆ ಅಳತೆ ನೀರಿಟ್ಟು ಮಾಡಿ. ಒಂದು ಹಿಡಿ ಹಸಿ ಅಕ್ಕಿಯನ್ನು ತರಗತಿಯಲ್ಲೇ ತೋರಿಸಿ ಇದೇನೆಂದು ಹೇಳಿದರೆ ಅನುಮಾನ ಹೋಗುತ್ತದೆ. ಇಳಿಸಿದ ಅನ್ನವನ್ನು ಹತ್ತು ನಿಮಿಷ ಮುಚ್ಚಿಟ್ಟು, ಅಂಚಿನಿಂದ ಬಿಡಿಸಿ. ನಡುವೆ ಸೌಟು ತುರುಕಿದರೆ ಮುದ್ದೆಯಾಗುತ್ತದೆ.

ಮೊಟ್ಟೆಯ ಹಳದಿಯ ಸುತ್ತ ಬೂದುಹಸಿರು ಉಂಗುರ ಕಂಡರೆ ಮಕ್ಕಳು ಕೆಟ್ಟಿದೆ ಅನ್ನುತ್ತಾರೆ. ಕೆಟ್ಟಿರುವುದಿಲ್ಲ, ಹೆಚ್ಚು ಬೆಂದಿರುತ್ತದೆ. ಕುದಿ ಬಂದ ಮೇಲೆ ಹನ್ನೆರಡು ನಿಮಿಷ ಸಾಕು. ತಕ್ಷಣ ತಣ್ಣೀರಿಗೆ ಹಾಕಿ, ನೀರು ಬಿಸಿಯಾದಂತೆ ಎರಡು ಸಲ ಬದಲಿಸಿ. ಬಡಿಸುವ ಹೊತ್ತಿಗೆ ಎರಡು ಹೋಳು ಮಾಡಿ ಹಳದಿ ಮೇಲೆ ಕಾಣುವಂತೆ ಇಡಿ. ಮುಂಚೆಯೇ ಕತ್ತರಿಸಿಟ್ಟರೆ ಒಣಗುತ್ತದೆ.

ಬಡಿಸುವಾಗ ಅನ್ನದ ನಡುವೆ ಸೌಟಿನ ಬೆನ್ನಿಂದ ಗುಂಡಿ ಮಾಡಿ ಸಾಂಬಾರು ಬಿಡಿ, ಪಲ್ಯ ಇದ್ದರೆ ಪಕ್ಕಕ್ಕೆ. ಮೊದಲು ಸ್ವಲ್ಪವೇ ಹಾಕಿ, ಕೇಳಿದರೆ ಮತ್ತೆ ಹಾಕಿ. ಬಕೆಟ್ಟಿನಲ್ಲಿ ಬೇಳೆ ತಳ ಸೇರುತ್ತದೆ. ಕಲಕದೆ ಬಡಿಸಿದರೆ ಮೊದಲ ಸಾಲಿನ ಪುಟ್ಟ ಮಕ್ಕಳಿಗೆ ಬರೀ ನೀರು, ಕೊನೆಯ ಸಾಲಿಗೆ ಗಷ್ಟು. ಐದಾರು ತಟ್ಟೆಗೊಮ್ಮೆ ತಳದಿಂದ ಕಲಕಿ. ನೂರು ಮಕ್ಕಳಿಗೆ ಎರಡು ಕಟ್ಟು ಕೊತ್ತಂಬರಿ ಸಾಕು. ಅದನ್ನು ದೊಡ್ಡ ಪಾತ್ರೆಗಲ್ಲ, ಪ್ರತಿ ಬಕೆಟ್ಟಿಗೆ ಒಂದಿಷ್ಟರಂತೆ ಬಡಿಸಲು ಹೊರಡುವಾಗ ಹಾಕಿ.