ಸೂಪರ್‌ಮ್ಯಾನ್ ಗೆಲ್ಲುತ್ತಾನೋ ಹಲ್ಕ್ ಗೆಲ್ಲುತ್ತಾನೋ ಎಂದು ಕೇಳುವವರಿಗೆ

ನಾನು ಸೂಪರ್‌ಹೀರೋ ಕಾಮಿಕ್ಸ್ ಓದುತ್ತೇನೆಂದು ತಿಳಿದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ: ಸೂಪರ್‌ಮ್ಯಾನ್ ಮತ್ತು ಹಲ್ಕ್ ಎದುರುಬದುರು ನಿಂತರೆ ಗೆಲ್ಲುವವರು ಯಾರು? ಬಾಯಲ್ಲಿ ಉತ್ತರಿಸಿ ಉತ್ತರಿಸಿ ಸಾಕಾಗಿದೆ, ಆದ್ದರಿಂದ ಬರೆದಿಡುತ್ತಿದ್ದೇನೆ. ಆ ಸಂಚಿಕೆಯ ಕತೆಯನ್ನು ಬರೆಯುವವರು ಯಾರನ್ನು ಗೆಲ್ಲಿಸಲು ತೀರ್ಮಾನಿಸುತ್ತಾರೋ ಅವರೇ ಗೆಲ್ಲುತ್ತಾರೆ.

ಇದನ್ನು ಕೇಳಿದವರು ನಾನು ಜಾರಿಕೊಳ್ಳುತ್ತಿದ್ದೇನೆಂದು ಭಾವಿಸಿ, ‘ಅದೆಲ್ಲ ಬಿಡಿ, ಒಂದೇ ಮಾತಿನಲ್ಲಿ ಹೇಳಿ’ ಎಂದು ಒತ್ತಾಯಿಸುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಯಾವ ಕಾಲದ ಸೂಪರ್‌ಮ್ಯಾನ್ ಎಂದು ಅವರು ಹೇಳುವುದೇ ಇಲ್ಲ. 1938ರಲ್ಲಿ ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ. ಅವನು ಮೈಲಿಯ ಎಂಟನೇ ಒಂದು ಭಾಗದಷ್ಟು ದೂರ ಜಿಗಿಯುತ್ತಿದ್ದ, ಇಪ್ಪತ್ತು ಅಂತಸ್ತಿನ ಕಟ್ಟಡವನ್ನು ದಾಟುತ್ತಿದ್ದ, ಆದರೆ ಸಿಡಿಯುವ ಫಿರಂಗಿಗುಂಡಿಗೆ ಅವನ ಚರ್ಮವೂ ತಡೆಯದೆಂದು ಅದೇ ಸಂಚಿಕೆ ಸೂಚಿಸಿತ್ತು. 1960ರ ದಶಕದ ಹೊತ್ತಿಗೆ ಅವನು ಗ್ರಹಗಳನ್ನೇ ಸರಿಸುವಷ್ಟು ಬೆಳೆದುಬಿಟ್ಟಿದ್ದ. 1986ರಲ್ಲಿ ಕತೆಗಾರ, ಚಿತ್ರಕಾರ ಜಾನ್ ಬರ್ನ್ ಅವನ ಕತೆಯನ್ನು ಹೊಸದಾಗಿ ಆರಂಭಿಸಿದಾಗ ಆ ಬಲವನ್ನು ಬೇಕೆಂದೇ ತಗ್ಗಿಸಿದರು. ಹಲ್ಕ್‌ನದೂ ಇದೇ ಕತೆ. 1962ರ ಮೊದಲ ಸಂಚಿಕೆಯಲ್ಲಿ ಅವನ ಮೈಬಣ್ಣ ಬೂದು. ಮುದ್ರಣದಲ್ಲಿ ಆ ಬಣ್ಣ ಪುಟದಿಂದ ಪುಟಕ್ಕೆ ಒಂದೇ ರೀತಿ ಬಾರದ ಕಾರಣ ಎರಡನೆಯ ಸಂಚಿಕೆಯಿಂದ ಹಸಿರಾದ. ಕೋಪ ಏರಿದಂತೆಲ್ಲ ಅವನ ಬಲವೂ ಮಿತಿಯಿಲ್ಲದೆ ಏರುತ್ತದೆ ಎಂಬ ನಿಯಮವೂ ಮೊದಲ ದಿನದಿಂದ ಇದ್ದುದಲ್ಲ.

ಇಷ್ಟಾದರೂ ಒಂದೇ ಮಾತು ಬೇಕೆನ್ನುವವರಿಗೆ ಅದೂ ಇದೆ: ಸೂಪರ್‌ಮ್ಯಾನ್. 1996ರಲ್ಲಿ ಹಲ್ಕ್‌ನ ಪ್ರಕಾಶನಸಂಸ್ಥೆ ಮಾರ್ವೆಲ್ ಮತ್ತು ಸೂಪರ್‌ಮ್ಯಾನ್‌ನ ಪ್ರಕಾಶನಸಂಸ್ಥೆ ಡಿಸಿ ಸೇರಿ ಪ್ರಕಟಿಸಿದ ಕಥಾಸರಣಿಯಲ್ಲಿ ಈ ಕಾಳಗ ನಡೆದೇಹೋಯಿತು. ಆದರೆ ಆ ಸರಣಿಯ ಐದು ಮುಖ್ಯ ಕಾಳಗಗಳ ಫಲಿತಾಂಶವನ್ನು ನಿರ್ಧರಿಸಿದ್ದು ಓದುಗರ ಮತಗಳು. ಮಾರ್ವೆಲ್ ಮೂರನ್ನು ಗೆದ್ದಿತು, ಡಿಸಿ ಎರಡನ್ನು. ಮಾರ್ವೆಲ್‌ನ ವುಲ್ವರಿನ್ ಡಿಸಿಯ ಲೋಬೋನನ್ನು ಸೋಲಿಸಿದ್ದನ್ನು ಹೇಗೆ ತೋರಿಸಿದರು ಗೊತ್ತೇ? ಇಬ್ಬರೂ ಮದ್ಯದಂಗಡಿಯ ಕಟ್ಟೆಯ ಹಿಂದೆ ಬೀಳುತ್ತಾರೆ, ಹೊಡೆದಾಟ ನಮಗೆ ಕಾಣುವುದಿಲ್ಲ, ಕೊನೆಗೆ ವುಲ್ವರಿನ್ ಎದ್ದು ನಿಲ್ಲುತ್ತಾನೆ. ಮತಗಳು ಗೆಲ್ಲಿಸಿದವನು ಹೇಗೆ ಗೆದ್ದನೆಂದು ಚಿತ್ರಿಸುವ ಕೆಲಸವನ್ನೇ ಆ ಪುಟ ಬಿಟ್ಟುಕೊಟ್ಟಿತು. ಅದಕ್ಕೂ ಮೊದಲು, 1988ರಲ್ಲಿ, ಬ್ಯಾಟ್‌ಮ್ಯಾನ್‌ನ ಜೊತೆಗಾರ ಎರಡನೆಯ ರಾಬಿನ್, ಅಂದರೆ ಜೇಸನ್ ಟಾಡ್, ಬದುಕಬೇಕೋ ಸಾಯಬೇಕೋ ಎಂಬುದನ್ನು ಡಿಸಿ ಓದುಗರ ದೂರವಾಣಿ ಕರೆಗಳಿಗೆ ಬಿಟ್ಟಿತು: ಸಾವಿಗೆ 5,343 ಕರೆಗಳು, ಬದುಕಿಗೆ 5,271. ಎಪ್ಪತ್ತೆರಡು ಕರೆಗಳ ಅಂತರದಲ್ಲಿ ಒಬ್ಬ ಹುಡುಗ ಸತ್ತ. ಇದು ಆ ಪಾತ್ರದ ಶಕ್ತಿಯ ಅಥವಾ ದೌರ್ಬಲ್ಯದ ಮಾತೇ ಆಗಿರಲಿಲ್ಲ.

2018ರಲ್ಲಿ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ನೋಡಿ ಹೊರಬರುತ್ತಿದ್ದಾಗ ಜೊತೆಯಲ್ಲಿದ್ದ ಪರಿಚಿತರೊಬ್ಬರು ಇದೇ ಪ್ರಶ್ನೆಯನ್ನು ಬೇರೆ ವೇಷದಲ್ಲಿ ತಂದರು. ಚಿತ್ರದ ಆರಂಭದಲ್ಲಿಯೇ ಖಳನಾಯಕ ಥಾನೋಸ್ ಹಲ್ಕ್‌ನನ್ನು ಸದೆಬಡಿಯುತ್ತಾನಲ್ಲ, ಅಲ್ಲಿ ಸೂಪರ್‌ಮ್ಯಾನ್ ಇದ್ದಿದ್ದರೆ? ನಾನು ಥಾನೋಸ್‌ನನ್ನು 1973ರಲ್ಲಿ ಸೃಷ್ಟಿಸಿದ ಜಿಮ್ ಸ್ಟಾರ್ಲಿನ್ ಅವರ ಬಗ್ಗೆ ಹೇಳತೊಡಗಿದೆ. ಜೇಸನ್ ಟಾಡ್ ಸಾಯುವ ಕತೆಯನ್ನು ಬರೆದವರೂ ಅವರೇ. ಪರಿಚಿತರು ನಡುವೆಯೇ ತಡೆದು, ‘ನಾನು ಅವರ ಬಗ್ಗೆ ಕೇಳಲಿಲ್ಲ’ ಎಂದರು. ಹೌದು, ಕೇಳಲಿಲ್ಲ, ಯಾರೂ ಕೇಳುವುದಿಲ್ಲ. ಕಾಲ್ಪನಿಕ ಜೀವಿಯ ತೋಳಿನಲ್ಲಿ ಎಷ್ಟು ಬಲವಿದೆ ಎಂದು ರಾತ್ರಿಯೆಲ್ಲ ವಾದಿಸುವವರಿಗೆ ಅದನ್ನು ಬರೆದ ಕೈಯ ಹೆಸರು ಬೇಡವಾಗಿದೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಅದು: ಇವರನ್ನೆಲ್ಲ ಸೃಷ್ಟಿಸಿದವರು ಯಾರು, ಅವರಿಗೆ ಸಿಕ್ಕಿದ್ದೇನು? ಸ್ಟಾರ್ಲಿನ್ ಅವರೇ 2017ರಲ್ಲಿ ಬಹಿರಂಗವಾಗಿ ಹೇಳಿದ್ದನ್ನು ಕೇಳಿ. ಡಿಸಿಗಾಗಿ ಅವರು ರೂಪಿಸಿದ್ದ ಕೆಜಿಬೀಸ್ಟ್ ಎಂಬ ಖಳನ ಪಾತ್ರ 2016ರ ಒಂದು ಬ್ಯಾಟ್‌ಮ್ಯಾನ್ ಚಿತ್ರದಲ್ಲಿ ಸ್ವಲ್ಪ ಹೊತ್ತು ಬಂದುಹೋದದ್ದಕ್ಕೆ ಸಿಕ್ಕ ಹಣ, ಅವರದೇ ಸೃಷ್ಟಿಗಳಾದ ಥಾನೋಸ್, ಗಮೋರಾ ಮತ್ತು ಡ್ರಾಕ್ಸ್ ಮೂವರಿಗೂ ಸೇರಿ ಮಾರ್ವೆಲ್‌ನಿಂದ ಸಿಕ್ಕಿದ್ದಕ್ಕಿಂತ ಹೆಚ್ಚಾಗಿತ್ತು.

ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಆ ಪಾತ್ರದ ಎಲ್ಲ ಹಕ್ಕುಗಳನ್ನೂ ಪ್ರಕಾಶಕರಿಗೆ 130 ಡಾಲರ್‌ಗಳಿಗೆ ಬರೆದುಕೊಟ್ಟರು. ಮೊತ್ತ ಇಬ್ಬರಿಗೂ ಸೇರಿ. 1975ರಲ್ಲಿ ಸೂಪರ್‌ಮ್ಯಾನ್ ಚಿತ್ರ ತಯಾರಾಗುವ ಸುದ್ದಿ ಹರಡಿದಾಗ, ಸೀಗಲ್ ಪತ್ರಿಕೆಗಳ ಮೊರೆಹೋದರು. ಶುಸ್ಟರ್ ಅವರಿಗೆ ಆ ವೇಳೆಗೆ ಕಣ್ಣು ಬಹುಮಟ್ಟಿಗೆ ಕಾಣುತ್ತಿರಲಿಲ್ಲ. ಸಹಕಲಾವಿದರಾದ ನೀಲ್ ಆಡಮ್ಸ್ ಮತ್ತು ಜೆರ್ರಿ ರಾಬಿನ್‌ಸನ್ ಬೆನ್ನಿಗೆ ನಿಂತ ಮೇಲೆಯೇ ಇಬ್ಬರಿಗೂ ವರ್ಷಕ್ಕೆ ತಲಾ 20,000 ಡಾಲರ್ ಪಿಂಚಣಿ ಸಿಕ್ಕಿ, ಅಳಿಸಿಹೋಗಿದ್ದ ಅವರ ಹೆಸರುಗಳು ಪಾತ್ರದ ಜೊತೆ ಮರಳಿ ಮುದ್ರಣಗೊಂಡವು. ಆ 130 ಡಾಲರ್‌ಗಳನ್ನು ಒಳಗೊಂಡಿದ್ದ ಚೆಕ್ಕಿನ ಕಾಗದ 2012ರ ಹರಾಜಿನಲ್ಲಿ 1,60,000 ಡಾಲರ್‌ಗಳಿಗೆ ಮಾರಾಟವಾಯಿತು.

ಬ್ಯಾಟ್‌ಮ್ಯಾನ್ ಕತೆಗಾರ ಬಿಲ್ ಫಿಂಗರ್ ಅವರಿಗೆ ಅಷ್ಟೂ ಸಿಗಲಿಲ್ಲ. 1939ರಲ್ಲಿ ಬ್ಯಾಟ್‌ಮ್ಯಾನ್‌ಗೆ ಬಿರುಸಾದ ರೆಕ್ಕೆಗಳ ಬದಲು ಮೇಲಂಗಿ ಇರಲಿ ಎಂದವರು, ಅವನಿಗೆ ಬ್ರೂಸ್ ವೇಯ್ನ್ ಎಂಬ ನಿಜನಾಮವನ್ನೂ ಮುಂದೆ ಅವನ ನಗರಕ್ಕೆ ಗಾಥಮ್ ಎಂಬ ಹೆಸರನ್ನೂ ಕೊಟ್ಟವರು ಅವರು; ಸೃಷ್ಟಿಕರ್ತನೆಂದು ಅಚ್ಚಾದದ್ದು ಚಿತ್ರಕಾರ ಬಾಬ್ ಕೇನ್ ಒಬ್ಬರ ಹೆಸರು. ಫಿಂಗರ್ 1974ರಲ್ಲಿ ತೀರಿಕೊಂಡರು. ಅವರ ಹೆಸರನ್ನು ಸೇರಿಸುವುದಾಗಿ ಡಿಸಿ ಅಧಿಕೃತವಾಗಿ ಒಪ್ಪಿಕೊಂಡದ್ದು 2015ರಲ್ಲಿ. ಬ್ಯಾಟ್‌ಮ್ಯಾನ್ ಯಾರನ್ನು ಸೋಲಿಸಬಲ್ಲ ಎಂದು ನನ್ನ ಬಳಿ ಚರ್ಚಿಸಲು ಬರುವವರು ಮೊದಲು ಫಿಂಗರ್ ಅವರ ಬಗ್ಗೆ ಒಂದಿಷ್ಟು ಓದಿಕೊಂಡು ಬರಲಿ. ಆಮೇಲೆ ಎಷ್ಟು ಹೊತ್ತು ಬೇಕಾದರೂ ಮಾತನಾಡಲು ನಾನು ಸಿದ್ಧ.