ಕಾಲಿಟ್ಟ ಗುರುತು

ಶ್ರೀಕಾಳಹಸ್ತಿಗೆ ಹೋದವರು ಹೆಚ್ಚಾಗಿ ರಾಹು-ಕೇತು ಪೂಜೆ ಮುಗಿಸಿ ಬಸ್ಸು ಹತ್ತಿಬಿಡುತ್ತಾರೆ. ನಾವೂ ಎರಡು ಸಲ ಹಾಗೇ ಮಾಡಿದ್ದೆವು. ಈ ಸಲ ದರ್ಶನ ಆದ ಮೇಲೆ ಪಕ್ಕದ ಬೆಟ್ಟ ಹತ್ತಿದೆವು. ಮೇಲೆ ಬೇಡರ ಕಣ್ಣಪ್ಪನ ಗುಡಿ, ಕೆಳಗೆ ಸ್ವರ್ಣಮುಖಿ ನದಿ. ಶಿವರಾತ್ರಿ ಬ್ರಹ್ಮೋತ್ಸವಕ್ಕೆ ಮೊದಲ ಧ್ವಜ ಏರುವುದು ಈ ಗುಡಿಯಲ್ಲೇ. ಶಿವನ ಸರದಿ ಆಮೇಲೆ.

ಕಣ್ಣಪ್ಪನ ಕಥೆ ಹೇಳುವಾಗ "ಪಾಪ, ಏನೂ ತಿಳಿಯದ ಮುಗ್ಧ, ಆದರೂ ದೇವರು ಒಲಿದ" ಅಂತೀವಿ ಅಲ್ವಾ? ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಅವನಿಗೆ ಮಂತ್ರ ಗೊತ್ತಿರಲಿಲ್ಲ, ನಿಜ. ಬೇಟೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದಷ್ಟನ್ನೂ ತಂದು ಶಿವನ ಮುಂದೆ ಸುರಿದ.

ಆಗ ಅವನ ಹೆಸರು ತಿಣ್ಣ. ಹಂದಿಯ ಬೆನ್ನು ಹತ್ತಿ ಬಂದವನಿಗೆ ಬೆಟ್ಟದ ಮೇಲೆ ಲಿಂಗ ಕಂಡಿತು. ಅಯ್ಯೋ, ಈ ಕಾಡಲ್ಲಿ ಒಬ್ಬನೇ ಇದ್ದಾನಲ್ಲ, ಹಸಿವಾಗಿರುತ್ತದೆ ಎಂದು ಕರುಳು ಚುರ್ ಎಂದಿತು. ಮಾಂಸ ಸುಟ್ಟು, ಒಂದೊಂದೇ ತುಂಡು ಕಚ್ಚಿ ನೋಡಿ, ಮೆತ್ತಗಿದ್ದುದನ್ನು ಎತ್ತಿಟ್ಟ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಮಾಂಸ. ಅದಕ್ಕೇ ಅಭಿಷೇಕದ ನೀರು ಬಾಯಲ್ಲಿ ಬಂತು, ಹೂವು ತಲೆಗೂದಲಲ್ಲಿ ಬಂತು. ರಾತ್ರಿಯಿಡೀ ಬಿಲ್ಲು ಹಿಡಿದು ಕಾವಲು ನಿಂತ. ಕಾಡುಮೃಗ ಬಂದರೆ? ಬೇಡನಿಗಲ್ಲದೆ ಆ ಚಿಂತೆ ಯಾರಿಗೆ ಬರುತ್ತದೆ!

ಬೆಳಗ್ಗೆ ಬರುತ್ತಿದ್ದ ಅರ್ಚಕರು ಶಿವಗೋಚರಿಗಳು ಎಲುಬು, ಮಾಂಸ ನೋಡಿ ಸಂಕಟಪಟ್ಟು ತೊಳೆಯುತ್ತಿದ್ದರು. ಅವರ ಭಕ್ತಿಯೂ ಸಣ್ಣದಲ್ಲ. ಆರನೆಯ ದಿನ ಮರೆಯಲ್ಲಿ ನಿಂತು ನೋಡಿದವರೂ ಅವರೇ.

ಅಂದು ಶಿವನ ಬಲಗಣ್ಣಲ್ಲಿ ರಕ್ತ. ತಿಣ್ಣ ಮೊದಲು ಬಾಣ ಹೂಡಿ ಸುತ್ತ ಹುಡುಕಿದ, ಹೊಡೆದವರು ಯಾರು ಅಂತ. ಯಾರೂ ಸಿಗಲಿಲ್ಲ. ಸೊಪ್ಪು ಹಿಂಡಿದ, ನಿಲ್ಲಲಿಲ್ಲ. ಮಾಂಸದ ಗಾಯಕ್ಕೆ ಮಾಂಸವೇ ಮದ್ದು ಎಂಬ ಮಾತು ನೆನಪಾಯಿತು. ಬಾಣದಿಂದ ತನ್ನ ಕಣ್ಣು ಕಿತ್ತು ಇಟ್ಟ. ರಕ್ತ ನಿಂತಿತು. ಕುಣಿದಾಡಿದ. ಅಷ್ಟರಲ್ಲಿ ಎಡಗಣ್ಣಲ್ಲೂ ರಕ್ತ.

ಇರುವುದು ಇನ್ನೊಂದೇ ಕಣ್ಣು. ಅದನ್ನೂ ಕಿತ್ತರೆ ಎಲ್ಲಿಡಬೇಕೆಂದು ಕಾಣುವುದು ಹೇಗೆ? ಎಡಗಾಲನ್ನು ಶಿವನ ಕಣ್ಣಿನ ಮೇಲೆ ಇಟ್ಟುಕೊಂಡ. ಗುರುತಿಗೆ.

ನಾನು ಬೆಟ್ಟದ ಮೆಟ್ಟಿಲ ಮೇಲೆ ಕೂತು ಇದನ್ನೇ ಯೋಚಿಸುತ್ತಿದ್ದೆ. ಬೇಡನಿಗೆ ಕಣ್ಣೇ ಅನ್ನ. ಅದು ಹೋದರೆ ಬಿಲ್ಲಿದ್ದೂ ಏನು ಬಂತು? ಅಂಥ ಕಣ್ಣು ಕೊಡುವ ಹೊತ್ತಿನಲ್ಲೂ ಅವನ ಕೈ ನಡುಗಲಿಲ್ಲ, ಗುರಿ ಮರೆಯಲಿಲ್ಲ. ಎಷ್ಟು ಮಿಗ ಬಿದ್ದವು ಅಂತ ಲೆಕ್ಕ ಹಾಕಿ ದೊಡ್ಡ ಬೇಟೆಗಾರ ಅನ್ನುತ್ತಾರಲ್ಲ, ಆ ಲೆಕ್ಕಕ್ಕೆ ಈ ಕಾಲಿನ ಗುರುತು ಸಿಗುವುದೇ ಇಲ್ಲ.

"ನಿಲ್ಲು ಕಣ್ಣಪ್ಪ" ಎಂದು ಮೂರು ಸಲ ಕೂಗಿ, ಲಿಂಗದಿಂದ ಕೈ ಚಾಚಿ, ಬಾಣ ಹಿಡಿದ ಕೈಯನ್ನು ಶಿವ ಹಿಡಿದುಕೊಂಡನಂತೆ. ಕಥೆ ಇಲ್ಲಿಗೆ ಬಂದಾಗ ನಮ್ಮಜ್ಜಿ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಬಿಡುತ್ತಿದ್ದರು. ಬಳೆ ಒತ್ತಿ ನೋಯುತ್ತಿತ್ತು. ಅವರ ಕಣ್ಣು ತುಂಬಿರುತ್ತಿತ್ತು, ಕೈ ಬಿಡುತ್ತಿರಲಿಲ್ಲ.