ಒಂದೇ ಹಾಡನ್ನು 23 ನಿಮಿಷ ಹೇಗೆ ಕೇಳುತ್ತೀರಿ?

ಮನೆಗೆ ಬಂದವರು ನನ್ನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕುಳಿತರೆ ಈ ಪ್ರಶ್ನೆ ಬಂದೇ ಬರುತ್ತದೆ. ಹಾಡು ‘ವಿಪ್ಪಿಂಗ್ ಪೋಸ್ಟ್’. ಆಲ್ಬಮ್ ‘ಅಟ್ ಫಿಲ್‌ಮೋರ್ ಈಸ್ಟ್’: ಅಮೆರಿಕದ ರಾಕ್ ತಂಡ ಆಲ್‌ಮನ್ ಬ್ರದರ್ಸ್ ಬ್ಯಾಂಡ್ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಆ ಹೆಸರಿನ ಸಭಾಂಗಣದಲ್ಲಿ ನಡೆಸಿದ ಕಛೇರಿಗಳ ಧ್ವನಿಮುದ್ರಣ. ಎರಡು ಗ್ರಾಮಫೋನ್ ತಟ್ಟೆಗಳಲ್ಲಿ ಇರುವುದು ಏಳೇ ಹಾಡು. ಈ ಒಂದಕ್ಕೇ ಇಡೀ ಒಂದು ಮಗ್ಗುಲು ಬೇಕಾಗಿದೆ.

ಗಿಟಾರನ್ನು ಮರೆತು ಮೊದಲು ಎಣಿಸಿ ಎನ್ನುತ್ತೇನೆ. ಬೆರಿ ಓಕ್ಲಿಯ ಬೇಸ್ ಗಿಟಾರ್ ಒಂಟಿಯಾಗಿ ಗುಡುಗುತ್ತ ಹೊರಡುತ್ತದೆ. ತಕಿಟ ತಕಿಟ ತಕಿಟ ತಕ. ಹನ್ನೊಂದು. ಕೊನೆಗೆ ಒಂದಕ್ಷರ ಕಡಿಮೆ ಬೀಳುವುದರಿಂದ ಪ್ರತಿ ಸುತ್ತಿನಲ್ಲೂ ಮೆಟ್ಟಿಲು ತಪ್ಪಿ ಮುಗ್ಗರಿಸಿದ ಹಾಗಾಗುತ್ತದೆ. ಕಛೇರಿಗಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಬೆಳೆದವರಿಗೆ ಇದು ಬೇಗ ಸಿಗುತ್ತದೆ. ತಮಾಷೆಯೆಂದರೆ, ಹಾಡು ಕಟ್ಟಿದ ಗ್ರೆಗ್ ಆಲ್‌ಮನ್‌ಗೇ ಇದು ಹನ್ನೊಂದರ ಲೆಕ್ಕವೆಂದು ತಿಳಿದಿರಲಿಲ್ಲವಂತೆ. ಅಣ್ಣ ಡ್ವೇನ್ ಹೇಳಿದ ಮೇಲೆ ಗೊತ್ತಾಯಿತಂತೆ.

ಸಾಹಿತ್ಯ ಇರುವುದು ಸ್ವಲ್ಪವೇ. ಉಳಿದದ್ದೆಲ್ಲ ಮನೋಧರ್ಮ. ಡ್ವೇನ್ ಮತ್ತು ಡಿಕಿ ಬೆಟ್ಸ್ ಸರದಿಯ ಮೇಲೆ ಗಿಟಾರ್ ನುಡಿಸುತ್ತಾರೆ, ಹಿಂದೆ ಇಬ್ಬರು ಡ್ರಮ್ಮರ್‌ಗಳು. ಬುಚ್ ಟ್ರಕ್ಸ್ ರೈಲಿನಂತೆ ನೇರ ಓಡಿದರೆ ಜೇಮೋ ಜಾಝ್‌ನವನು, ಸಂದುಗಳಲ್ಲಿ ಸಣ್ಣ ಪೆಟ್ಟು ಇಡುತ್ತಾನೆ. ಜಾಝ್ ದಿಗ್ಗಜರಾದ ಮೈಲ್ಸ್ ಡೇವಿಸ್, ಕೋಲ್ಟ್ರೇನ್‌ರ ರುಚಿಯನ್ನು ಅಮೆರಿಕದ ಜಾರ್ಜಿಯಾದಲ್ಲಿ ನೆಲೆಸಿದ್ದ ಈ ಹುಡುಗರಿಗೆ ಹತ್ತಿಸಿದವನೂ ಅವನೇ. ನಡುವೆ ಒಂದು ಕಡೆ ತಾಳವೇ ಕರಗಿಹೋಗುತ್ತದೆ. ಯಾರೂ ಗಾಬರಿಯಾಗುವುದಿಲ್ಲ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತ ಕಾಯುತ್ತಾರೆ. ನಾನು ಕೇಳುವುದು ಆ ಕಾಯುವಿಕೆಯನ್ನು.

ಇಷ್ಟು ಹೊತ್ತು ಕೂರಲಾಗದವರಿಗೆ ಮೊದಲ ಹಾಡು ‘ಸ್ಟೇಟ್ಸ್‌ಬರೊ ಬ್ಲೂಸ್’ ಸಾಕು. ಡ್ವೇನ್ ಉಂಗುರದ ಬೆರಳಿಗೆ ನೆಗಡಿ ಮಾತ್ರೆಯ ಖಾಲಿ ಗಾಜಿನ ಸೀಸೆ ತೊಡಿಸಿಕೊಂಡು ತಂತಿಯ ಮೇಲೆ ಜಾರಿಸುತ್ತಾನೆ. ನಮ್ಮವರು ಗೋಟುವಾದ್ಯ ಎಳೆದಂತೆ ಸ್ವರ ಬಾಗುತ್ತದೆ. ‘ಯೂ ಡೋಂಟ್ ಲವ್ ಮಿ’ಯ 19 ನಿಮಿಷ ಮಾತ್ರ ನನಗೂ ಹೆಚ್ಚೇ, ನಡುವೆ ಎದ್ದು ಕಾಫಿ ಮಾಡಿಕೊಂಡದ್ದುಂಟು.

‘ವಿಪ್ಪಿಂಗ್ ಪೋಸ್ಟ್’ ಮುಗಿದಾಗಲೂ ಮುಗಿಯುವುದಿಲ್ಲ. ಚಪ್ಪಾಳೆಯ ಅಡಿಯಲ್ಲಿ ಟ್ರಕ್ಸ್‌ನ ಟಿಂಪನಿ, ಎಂದರೆ ದೊಡ್ಡ ನಗಾರಿ, ಗುಡುಗುಟ್ಟುತ್ತದೆ, ಇನ್ನೊಂದು ಹಾಡು ತಲೆಯೆತ್ತುವಷ್ಟರಲ್ಲಿ ಸದ್ದು ಅಡಗುತ್ತದೆ. ಆ ಹಾಡು, ‘ಮೌಂಟನ್ ಜ್ಯಾಮ್’, 1972ರಲ್ಲಿ ಬೇರೆ ಆಲ್ಬಮ್‌ನಲ್ಲಿ ಬಂತು. ಅಷ್ಟರಲ್ಲಿ ಡ್ವೇನ್ ಇರಲಿಲ್ಲ. 1971ರ ಅಕ್ಟೋಬರ್ 29ರಂದು ಮೇಕನ್‌ನಲ್ಲಿ ಬೈಕ್ ಅಪಘಾತ, ವಯಸ್ಸು 24.

ಆ ಹಾಡನ್ನೂ ಹಾಕುತ್ತೇನೆ. “ಇದೆಷ್ಟು ಹೊತ್ತು?” ಎಂದು ಕೇಳುತ್ತಾರೆ.

33 ನಿಮಿಷ. ನಡುವೆ ತಟ್ಟೆ ಬದಲಿಸಬೇಕು.